ಇಳಿದದ್ದು ನಾವು ಮಾರುವುದು, ಏರಿದ್ದು ನಾವು ಕೊಳ್ಳುವುದು

2025ರ ನವೆಂಬರ್‌ನಲ್ಲಿ ಎರಡು ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ತಿಂಗಳ ಮೊದಲ ವಾರ ನಂದಿನಿ ತುಪ್ಪದ ಬೆಲೆ ಲೀಟರಿಗೆ 90 ರೂಪಾಯಿ ಏರಿ 700 ಮುಟ್ಟಿತು. ಅದಾಗಿ ಒಂದು ವಾರಕ್ಕೆ, ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿದೆ ಎಂದು ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರಕಟಿಸಿತು. 2012ನ್ನು ಆಧಾರ ವರ್ಷವಾಗಿ, ಅಂದರೆ ಆ ವರ್ಷದ ಬೆಲೆಯನ್ನು 100 ಎಂದು ಇಟ್ಟುಕೊಂಡ ಈ ಸರಣಿಯಲ್ಲಿ ಇಷ್ಟು ಕಡಿಮೆ ಪ್ರಮಾಣ ಹಿಂದೆಂದೂ ದಾಖಲಾಗಿರಲಿಲ್ಲ. ಆಹಾರ ಪದಾರ್ಥಗಳ ಲೆಕ್ಕವಂತೂ ಸೊನ್ನೆಯ ಕೆಳಗೆ, ಮೈನಸ್ 5.02ಕ್ಕೆ ಹೋಗಿತ್ತು.

ದಿನಸಿ ಅಂಗಡಿಯ ಚೀಟಿ ಕೈಯಲ್ಲಿ ಹಿಡಿದು ಈ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಅಡುಗೆ ಎಣ್ಣೆ ಇಳಿದಿಲ್ಲ, ತೆಂಗಿನಕಾಯಿ ಇಳಿದಿಲ್ಲ, ಗ್ಯಾಸ್ ಸಿಲಿಂಡರ್ 855 ರೂಪಾಯಿಯಿಂದ ಕದಲಿಲ್ಲ. ಹಾಗಾದರೆ ಇಳಿದದ್ದು ಏನು? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಬೇರೆಲ್ಲಿಗಿಂತ ಹೆಚ್ಚು ತೂಕವಿದೆ. ಇಲ್ಲಿನ ಸಾವಿರಾರು ಮನೆಗಳು ಒಂದೇ ಸಮಯದಲ್ಲಿ ಮಾರುವ ಮನೆಗಳೂ ಹೌದು, ಕೊಳ್ಳುವ ಮನೆಗಳೂ ಹೌದು.

ಎರಡು ವರ್ಷದ ತರಕಾರಿ ಲೆಕ್ಕ

ಹಣದುಬ್ಬರದ ಪ್ರಮಾಣ ಹೇಳುವುದು ಬೆಲೆಯ ಮಟ್ಟವನ್ನಲ್ಲ, ಬೆಲೆ ಏರುವ ವೇಗವನ್ನು. ಹೋದ ವರ್ಷ ಇದೇ ತಿಂಗಳಿಗೆ ಹೋಲಿಸಿದರೆ ಈ ತಿಂಗಳು ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎನ್ನುವುದಷ್ಟೇ ಅದರಲ್ಲಿರುತ್ತದೆ. ಹಾಗಾಗಿ ಹೋದ ವರ್ಷ ಏನಾಗಿತ್ತು ಎನ್ನುವುದರ ಮೇಲೆ ಈ ವರ್ಷದ ಅಂಕಿ ನಿಂತಿರುತ್ತದೆ.

2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಲೆ ಅದರ ಹಿಂದಿನ ವರ್ಷಕ್ಕಿಂತ ಶೇ 42ರಷ್ಟು ಏರಿತ್ತು. 2025ರ ಅಕ್ಟೋಬರ್‌ನಲ್ಲಿ ಶೇ 27ಕ್ಕೂ ಹೆಚ್ಚು ಇಳಿಯಿತು. 2023ರಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ತರಕಾರಿ ಮರುವರ್ಷ 142 ರೂಪಾಯಿ ಆಗಿ, ಅದರ ಮರುವರ್ಷ ಸುಮಾರು 103 ರೂಪಾಯಿಗೆ ಬಂತು. ಶೇಕಡಾವಾರು ನೋಡಿದರೆ ಭಾರಿ ಕುಸಿತ. ಚೀಲ ಹಿಡಿದು ಸಂತೆಗೆ ಹೋದವರಿಗೆ ಎರಡು ವರ್ಷದ ಹಿಂದಿನ ಬೆಲೆಯೇ, ಮೇಲೆ ಮೂರು ರೂಪಾಯಿ.

ಅದೇ 2025ರ ಅಕ್ಟೋಬರ್‌ನಲ್ಲಿ ಎಣ್ಣೆ ಮತ್ತು ಕೊಬ್ಬಿನ ಪದಾರ್ಥಗಳು ಶೇ 11ರಷ್ಟು ಏರಿದ್ದವು. ಅದರ ಹಿಂದಿನ ವರ್ಷವೂ ಅವು ಶೇ 9ಕ್ಕೂ ಹೆಚ್ಚು ಏರಿದ್ದರಿಂದ ಎರಡು ವರ್ಷ ಸೇರಿದರೆ ಏರಿಕೆ ಶೇ 20 ದಾಟುತ್ತದೆ. ಎಲ್ಲವನ್ನೂ ಕೂಡಿ ಸರಾಸರಿ ತೆಗೆದಾಗ ತರಕಾರಿ ಮತ್ತು ಬೇಳೆಕಾಳಿನ ಇಳಿಕೆ ಎಣ್ಣೆಯ ಏರಿಕೆಯನ್ನು ಮುಚ್ಚಿಹಾಕಿತು. ಅಂಕಿ ಸುಳ್ಳಲ್ಲ. ಆದರೆ ಅದರೊಳಗೆ ಇಳಿದ ಸಾಲಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ತೊಗರಿ ಇವೆ. ಏರಿದ ಸಾಲಿನಲ್ಲಿ ಪ್ಯಾಕೆಟ್ ಎಣ್ಣೆಯಿದೆ. ಮೊದಲ ಸಾಲಿನ ತರಕಾರಿ ನಮ್ಮ ಹೊಲದಿಂದ ಹೊರಗೆ ಹೋಗುವ ಮಾಲು, ಎರಡನೆಯದು ಹೊರಗಿನಿಂದ ನಮ್ಮ ಅಡುಗೆಮನೆಗೆ ಬರುವ ಮಾಲು.

ಆರು ದಶಕದಲ್ಲಿ ಎಷ್ಟು ಏರಿದೆ

"ನಮ್ಮ ಕಾಲದಲ್ಲಿ ಒಂದು ರೂಪಾಯಿಗೆ ಎಷ್ಟೆಲ್ಲ ಬರುತ್ತಿತ್ತು" ಎಂಬ ಮಾತಿಗೂ ಅಧಿಕೃತ ಲೆಕ್ಕವಿದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಆಧಾರ ವರ್ಷ 1960ರಿಂದ 1982ಕ್ಕೆ, ನಂತರ 2001ಕ್ಕೆ, ಈಗ 2016ಕ್ಕೆ ಬದಲಾಗಿದೆ. ಹಳೆಯ ಸರಣಿಯನ್ನು ಹೊಸದಕ್ಕೆ ಜೋಡಿಸಲು ಸರ್ಕಾರ ಕೊಟ್ಟಿರುವ ಗುಣಕಗಳು 4.93, 4.63 ಮತ್ತು 2.88. ಮೂರನ್ನೂ ಗುಣಿಸಿದರೆ 1960ರಿಂದ 2016ರ ಹೊತ್ತಿಗೆ ಬೆಲೆಗಳು ಸುಮಾರು 66 ಪಟ್ಟು. 2016ರ 100, 2025ರ ಕೊನೆಗೆ 147ರ ಆಸುಪಾಸಿನಲ್ಲಿತ್ತು. ಒಟ್ಟಿನಲ್ಲಿ 1960ರ ಒಂದು ರೂಪಾಯಿಯ ಸಾಮಾನಿಗೆ ಆಗ 96–97 ರೂಪಾಯಿ ಬೇಕಿತ್ತು.

ಈ ಏರಿಕೆ ಒಂದೇ ಸಮನೆ ಆಗಿಲ್ಲ. 1972ರ ಬರ, 1973ರ ಪಶ್ಚಿಮ ಏಷ್ಯಾ ಯುದ್ಧದ ಬೆನ್ನಿಗೆ ಕಚ್ಚಾ ತೈಲ ನಾಲ್ಕು ಪಟ್ಟು ತುಟ್ಟಿಯಾದದ್ದು, ಇವೆರಡೂ ಸೇರಿ 1974ರಲ್ಲಿ ಹಣದುಬ್ಬರ ಶೇ 28ರ ಆಸುಪಾಸಿಗೆ ಹೋಯಿತು. 1991ರ ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿ ರೂಪಾಯಿಯ ಮೌಲ್ಯ ಕುಸಿಯಿತು. 1966ರಲ್ಲಿ ಡಾಲರಿಗೆ 7.50 ರೂಪಾಯಿ ಇದ್ದದ್ದು 2025ರ ಡಿಸೆಂಬರ್‌ನಲ್ಲಿ 90 ದಾಟಿತು. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರದೇಶದ್ದು. ಹಾಗಾಗಿ ರೂಪಾಯಿ ಕುಸಿದಾಗಲೆಲ್ಲ ಡೀಸೆಲ್ ಮೂಲಕ ಪ್ರತಿಯೊಂದು ಸಾಮಾನಿನ ಬೆಲೆಯಲ್ಲೂ ಅದರ ಪಾಲು ಸೇರಿಕೊಳ್ಳುತ್ತದೆ.

ಪೆಟ್ರೋಲ್ ವಿಷಯದಲ್ಲಿ ಸಾಮಾನ್ಯ ನಂಬಿಕೆಗೆ ವಿರುದ್ಧವಾದ ಒಂದು ಸಂಗತಿಯಿದೆ. 2004ರಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಸುಮಾರು 34 ರೂಪಾಯಿ, ಡೀಸೆಲ್ ಸುಮಾರು 22 ರೂಪಾಯಿ ಇತ್ತು. 2025ರ ಕೊನೆಗೆ ಅಲ್ಲಿ ಪೆಟ್ರೋಲ್ 95, ಡೀಸೆಲ್ 88ರ ಹತ್ತಿರವಿತ್ತು. ಪೆಟ್ರೋಲ್ 2.8 ಪಟ್ಟು, ಡೀಸೆಲ್ 4 ಪಟ್ಟು. ಇದೇ ಅವಧಿಯಲ್ಲಿ ಒಟ್ಟಾರೆ ಸೂಚ್ಯಂಕ ಸುಮಾರು 3.8 ಪಟ್ಟು ಆಗಿದೆ. ಬೈಕಿಗೆ ಹಾಕುವ ಪೆಟ್ರೋಲ್ ಉಳಿದ ಬೆಲೆಗಳಿಗಿಂತ ಹಿಂದೆ ಬಿದ್ದಿದೆ. ಟ್ರ್ಯಾಕ್ಟರು, ಟೆಂಪೊ, ಲಾರಿಗೆ ಹಾಕುವ ಡೀಸೆಲ್ ಅವುಗಳ ಸಮಕ್ಕೆ ಓಡಿ ಸ್ವಲ್ಪ ಮುಂದೆಯೂ ಹೋಗಿದೆ. ಡೀಸೆಲ್ ಸಬ್ಸಿಡಿ ತೆಗೆಯಲು 2013ರ ಜನವರಿಯಿಂದ ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣವನ್ನೇ ತೆಗೆದರು. ಕೃಷಿ ಜಿಲ್ಲೆಗಳಿಗೆ ಆ ಬದಲಾವಣೆ ಪೆಟ್ರೋಲಿನ ಯಾವ ಏರಿಕೆಗಿಂತಲೂ ದೊಡ್ಡದು.

ಕೂಲಿಯಲ್ಲಿ ಅಳೆದರೆ ರಾಗಿ

ಬೆಲೆ ಎಷ್ಟು ಪಟ್ಟಾಯಿತು ಎಂದು ಕೇಳಿದ ಮೇಲೆ ಕೂಲಿ ಎಷ್ಟು ಪಟ್ಟಾಯಿತು ಎಂದೂ ಕೇಳಬೇಕು. ಕರ್ನಾಟಕದಲ್ಲಿ ನರೇಗಾ ದಿನಗೂಲಿ 2014–15ರಲ್ಲಿ 191 ರೂಪಾಯಿ ಇತ್ತು, 2025–26ರಲ್ಲಿ 370 ರೂಪಾಯಿ. ಹೊಲದ ಕೂಲಿ ಇದಕ್ಕಿಂತ ಬೇರೆ, ಊರಿಂದೂರಿಗೂ ಬೇರೆ. ಆದರೂ ಒಂದೇ ಅಳತೆಗೋಲು ಹಿಡಿದು ನೋಡಲು ಇದು ಸಾಕು.

ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1,360ರಿಂದ 2,369ಕ್ಕೆ ಏರಿದೆ. ಅಂದಿನ ಒಂದು ದಿನದ ಕೂಲಿ 14 ಕೆ.ಜಿ. ಭತ್ತಕ್ಕೆ ಸಮ, 2025–26ರದು 15.6 ಕೆ.ಜಿ.ಗೆ. ಸ್ವಲ್ಪ ಸುಧಾರಣೆ. ರಾಗಿಯ ಕಥೆ ಬೇರೆ. ರಾಗಿಯ ಬೆಂಬಲ ಬೆಲೆ 1,550ರಿಂದ 4,886ಕ್ಕೆ ಏರಿದೆ. 2014–15ರ ಕೂಲಿ 12 ಕೆ.ಜಿ. ರಾಗಿಗೆ ಸಮವಾಗಿದ್ದರೆ, 2025–26ರ ಕೂಲಿ ಏಳೂವರೆ ಕೆ.ಜಿ.ಗೆ ಸಮ.

ತಲೆತಲಾಂತರದಿಂದ ಬಡವರ ಮುದ್ದೆಯಾಗಿದ್ದ ಧಾನ್ಯ ಹತ್ತೇ ವರ್ಷದಲ್ಲಿ ಭತ್ತದ ಎರಡರಷ್ಟು ಬೆಲೆಗೆ ಬಂದಿದೆ. ಇದಕ್ಕೆ ಮುಖ್ಯ ಕಾರಣ 2018–19ರಲ್ಲಿ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಕೊಡಬೇಕೆಂಬ ಸೂತ್ರ ಜಾರಿಗೆ ಬಂದದ್ದು. ಆ ಒಂದೇ ವರ್ಷ ರಾಗಿಯ ಬೆಲೆ 1,900ರಿಂದ 2,897ಕ್ಕೆ ಜಿಗಿಯಿತು. ಪೇಟೆಯಲ್ಲಿ ಸಿರಿಧಾನ್ಯಕ್ಕೆ ಬಂದ ಬೇಡಿಕೆಯೂ ಸೇರಿಕೊಂಡಿತು. ಖುಷ್ಕಿ ಜಮೀನಿನಲ್ಲಿ ಮಳೆ ನಂಬಿ ರಾಗಿ ಹಾಕುವ ಗುಬ್ಬಿ, ತುರುವೇಕೆರೆ, ಚಿಂತಾಮಣಿಯ ರೈತನಿಗೆ ಇದು ನ್ಯಾಯವಾಗಿ ಸಿಗಬೇಕಾದ ಬೆಲೆಯೇ. ಆದರೆ ಜಮೀನಿಲ್ಲದೆ ಕೂಲಿ ಮಾಡಿ ರಾಗಿ ಕೊಳ್ಳುವ ಮನೆಗೆ ಅದೇ ಹೊರೆ. ಇಂಥ ಮನೆಗಳನ್ನು ಉಳಿಸಿರುವುದು ಪಡಿತರ. 2013ರಲ್ಲಿ ಆರಂಭವಾದ ಅನ್ನಭಾಗ್ಯ, ಅಕ್ಕಿಯ ಜೊತೆಗೆ ಈ ಭಾಗದಲ್ಲಿ ಕೊಡುತ್ತಾ ಬಂದ ರಾಗಿ ಇಲ್ಲದಿದ್ದರೆ ಮೇಲಿನ ಲೆಕ್ಕ ಬಡವರ ಹೊಟ್ಟೆಗೆ ನೇರವಾಗಿ ತಟ್ಟುತ್ತಿತ್ತು.

ಟೊಮೆಟೊ ಬಾಕ್ಸಿನ ಹರಾಜು

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಮಾರುವುದು ಕೆ.ಜಿ. ಲೆಕ್ಕದಲ್ಲಲ್ಲ, 15 ಕೆ.ಜಿ.ಯ ಬಾಕ್ಸ್ ಲೆಕ್ಕದಲ್ಲಿ. ಮಂಡಿಯ ಮುಂದೆ ಬಾಕ್ಸ್‌ಗಳನ್ನು ಪೇರಿಸಿಟ್ಟು ಹರಾಜು ಕೂಗುತ್ತಾರೆ. ಹಣ್ಣಿನ ಗಾತ್ರ, ಬಣ್ಣ, ಗಟ್ಟಿತನ ನೋಡಿ ದೂರದ ಊರಿಗೆ ಲಾರಿ ಹಾಕುವ ವ್ಯಾಪಾರಿ ಬೆಲೆ ಹೇಳುತ್ತಾನೆ. ರೈತ ಒಪ್ಪದಿದ್ದರೂ ಹಣ್ಣನ್ನು ಮನೆಗೆ ವಾಪಸ್ ಒಯ್ಯುವಂತಿಲ್ಲ. ಎರಡು ದಿನ ಕಳೆದರೆ ಮೆತ್ತಗಾಗುತ್ತದೆ. ಬೆಲೆ ಕಟ್ಟುವುದರಲ್ಲಿ ಮಾರುವವನ ಕೈ ಕೆಳಗಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬಾಕ್ಸಿಗೆ 90 ರೂಪಾಯಿ ಬಂತೆಂದರೆ ಕೆ.ಜಿ.ಗೆ 6 ರೂಪಾಯಿ. ಅದರಲ್ಲಿ ಕೀಳುವ ಕೂಲಿ, ಟೆಂಪೊ ಬಾಡಿಗೆ, ಹಮಾಲಿ, ಮಂಡಿ ಕಮಿಷನ್ ಕಳೆಯಬೇಕು. ಅದಕ್ಕೂ ಮೊದಲು ಸಸಿ, ಹನಿ ನೀರಾವರಿ ಪೈಪು, ಗಿಡ ನಿಲ್ಲಿಸಲು ಕಡ್ಡಿ, ದಾರ, ಔಷಧಿ ಎಂದು ಎಕರೆಗೆ ಖರ್ಚಾಗಿಹೋಗಿರುತ್ತದೆ. ಬಾಕ್ಸಿನ ಬೆಲೆ ಕೀಳುವ ಮತ್ತು ಸಾಗಿಸುವ ಖರ್ಚಿಗಿಂತ ಕೆಳಗೆ ಹೋದ ದಿನ ಹಣ್ಣನ್ನು ಗಿಡದಲ್ಲೇ ಬಿಡುವುದು ಲಾಭ. ರಸ್ತೆಗೆ ಟೊಮೆಟೊ ಸುರಿದರೆಂಬ ಸುದ್ದಿ ಬರುವುದು ಈ ಘಟ್ಟದಲ್ಲಿ.

2023ರ ಜುಲೈನಲ್ಲಿ ಇದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ ಬೆಲೆ ನೆಲಕಚ್ಚಿದ್ದರಿಂದ ಹಲವರು ನಾಟಿಯನ್ನೇ ಕೈಬಿಟ್ಟಿದ್ದರು. ಉಳಿದ ಗಿಡಕ್ಕೆ ಎಲೆ ಮುಟುರು ರೋಗ ಬಿತ್ತು. ಉತ್ತರ ಭಾರತದಲ್ಲಿ ಮಳೆಯಿಂದ ಬೆಳೆ ಹೋಯಿತು. ಕಡಿಮೆ ಬೆಲೆ, ಕಡಿಮೆ ನಾಟಿ, ಕಡಿಮೆ ಮಾಲು, ವಿಪರೀತ ಬೆಲೆ; ಅದನ್ನು ನೋಡಿ ಎಲ್ಲರೂ ನಾಟಿ, ಮತ್ತೆ ಕುಸಿತ. ಆ ವಿಪರೀತ ಬೆಲೆ ಸಿಕ್ಕಿದ್ದು ಆ ವಾರಗಳಲ್ಲಿ ಹಣ್ಣಿದ್ದ ಕೆಲವರಿಗೆ ಮಾತ್ರ. ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು ಸುಮಾರು 33 ಪೈಸೆ ಎಂದು 2024ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು ಅಂದಾಜು ಮಾಡಿದೆ.

ತಿಪಟೂರಿನ ಕೊಬ್ಬರಿಯದೂ ಇದೇ ಓಲಾಟ. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗಿತ್ತು, ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಬರ, ಬಿಳಿನೊಣ, ಎಳನೀರಿಗೆ ಹೋದ ಕಾಯಿ, ಇವೆಲ್ಲದರಿಂದ ಇಳುವರಿ ಕುಸಿದ ಮೇಲೆ ಬಂದ ಬೆಲೆ ಅದು.

ಡೀಸೆಲ್ ಇಳಿಯದಿರಲು ಕಾರಣ

ಟೊಮೆಟೊ ಒಂದು ವರ್ಷದಲ್ಲಿ ಇಪ್ಪತ್ತು ಪಟ್ಟು ಏರಿಳಿಯಬಹುದು. ಡೀಸೆಲ್ ಹಾಗಲ್ಲ. ಕಚ್ಚಾ ತೈಲ ಏರಿದಾಗ ಬಂಕಿನ ಬೆಲೆ ಏರುತ್ತದೆ, ಇಳಿದಾಗ ತೆರಿಗೆ ಏರುತ್ತದೆ.

2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 110 ಡಾಲರ್ ಇದ್ದ ಕಚ್ಚಾ ತೈಲ 2016ರ ಜನವರಿಗೆ 30 ಡಾಲರ್‌ಗಿಂತ ಕೆಳಗೆ ಬಂತು. ಅಷ್ಟರಲ್ಲಿ ಕೇಂದ್ರವು ಒಂಬತ್ತು ಬಾರಿ ಅಬಕಾರಿ ಸುಂಕ ಏರಿಸಿತ್ತು. ಕೋವಿಡ್ ಕಾಲದಲ್ಲಿ ತೈಲ ಮತ್ತೆ ಕುಸಿದಾಗ, 2020ರ ಮೇ ತಿಂಗಳಲ್ಲಿ ಒಂದೇ ಏಟಿಗೆ ಡೀಸೆಲ್ ಮೇಲೆ 13 ರೂಪಾಯಿ ಸುಂಕ ಹಾಕಿತು. 2021 ಮತ್ತು 2022ರಲ್ಲಿ ಒಂದಷ್ಟು ಇಳಿಸಿದ್ದೂ ನಿಜ. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿಸಿತು. ಬಂಕಿನ ಬೆಲೆ ಬದಲಾಗದ ಕಾರಣ ಯಾರ ಗಮನಕ್ಕೂ ಬರಲಿಲ್ಲ. ತೈಲ ಅಗ್ಗವಾದದ್ದರ ಲಾಭ ಗ್ರಾಹಕನಿಗೆ ಬರುವ ಮೊದಲೇ ಖಜಾನೆಗೆ ಹೋಗಿತ್ತು.

ರಾಜ್ಯದ ಪಾಲೂ ಸಣ್ಣದಲ್ಲ. 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 14.3ರಿಂದ 18.4ಕ್ಕೆ, 2025ರ ಏಪ್ರಿಲ್ 1ರಿಂದ 21.17ಕ್ಕೆ ಏರಿತು. ಇದು ಶೇಕಡಾವಾರು ತೆರಿಗೆ. ಕೇಂದ್ರ ಸುಂಕ ಏರಿಸಿದರೆ ಆ ಸುಂಕದ ಮೇಲೂ ರಾಜ್ಯದ ತೆರಿಗೆ ಬೀಳುತ್ತದೆ. ರಾಜ್ಯಕ್ಕೂ ತನ್ನ ಕಾರಣವಿದೆ. 2025ರಲ್ಲಿ ಪೆಟ್ರೋಲ್ ಮೇಲೆ ಕೇಂದ್ರ ವಸೂಲಿ ಮಾಡುತ್ತಿದ್ದ 21.90 ರೂಪಾಯಿಯಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳುತ್ತಿದ್ದದ್ದು ಮೂಲ ಸುಂಕವಾದ 1.40 ರೂಪಾಯಿಯನ್ನು ಮಾತ್ರ. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕ. ಹಂಚಿಕೆಯಾಗದ ಹಣ ಕೇಂದ್ರದಲ್ಲೇ ಉಳಿಯುವುದರಿಂದ ರಾಜ್ಯಗಳು ತಮ್ಮ ಕೈಯಲ್ಲಿರುವ ಮಾರಾಟ ತೆರಿಗೆಗೆ ಕೈ ಹಾಕುತ್ತವೆ. ನಮ್ಮ ದರ ನೆರೆರಾಜ್ಯಕ್ಕಿಂತ ಕಡಿಮೆ ಎಂಬ ಸಮರ್ಥನೆಯೂ ಆಂಧ್ರದ ಮಟ್ಟಿಗೆ ಸರಿ. ಬಾಗೇಪಲ್ಲಿ, ಪಾವಗಡದ ಗಡಿಯಲ್ಲಿ ಆಂಧ್ರದ ಗಾಡಿಗಳು ಈ ಕಡೆ ಬಂದು ಟ್ಯಾಂಕ್ ತುಂಬಿಸಿಕೊಳ್ಳಲು ಅದೇ ಕಾರಣ. ಆದರೆ ಶ್ರೀನಿವಾಸಪುರದಿಂದ ಮಂಡಿಗೆ ಮಾಲು ತರುವ ಟೆಂಪೊ ಬಾಡಿಗೆ ಏರುವುದು ನಮ್ಮ ಬಂಕಿನ ಹಿಂದಿನ ದರಕ್ಕೆ ಹೋಲಿಸಿ, ಆಂಧ್ರದ ದರಕ್ಕೆ ಹೋಲಿಸಿ ಅಲ್ಲ. ಒಮ್ಮೆ ಏರಿದ ಬಾಡಿಗೆ ಇಳಿದದ್ದೂ ಅಪರೂಪ.

ಪ್ಯಾಕೆಟ್ಟಿನೊಳಗಿನ 50 ಮಿಲಿ ಲೀಟರ್

ಹಾಲಿನ ಬೆಲೆ ಟೊಮೆಟೊದಂತೆ ಕುಣಿಯುವುದಿಲ್ಲ, ಒಕ್ಕೂಟ ಮತ್ತು ಸರ್ಕಾರ ಕೂತು ನಿಗದಿ ಮಾಡುತ್ತವೆ. ಹಾಗಿದ್ದರೂ ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ನೀಲಿ ಪ್ಯಾಕೆಟ್ಟಿನ ಅರ್ಧ ಲೀಟರ್ ಹಾಲು 2024ರ ಜೂನ್ ತನಕ 22 ರೂಪಾಯಿ. ಆಗ 50 ಮಿ.ಲೀ. ಹೆಚ್ಚುವರಿ ಹಾಲು ಸೇರಿಸಿ 24 ಮಾಡಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ತೆಗೆದರು, 24 ಉಳಿಯಿತು. ಎರಡನೇ ಸಲ ಪ್ಯಾಕೆಟ್ ಮೇಲಿನ ಅಂಕಿ ಬದಲಾಗಲೇ ಇಲ್ಲ. ಲೀಟರಿಗೆ ನಾಲ್ಕು ರೂಪಾಯಿಯ ಏರಿಕೆ ಹೀಗೆ ಎರಡು ಕಂತಿನಲ್ಲಿ ಬಂತು.

ಹಾಲಿನ ಡೇರಿಯ ಬಟವಾಡೆಯಿಂದಲೇ ಮನೆ ನಡೆಸುವ ಕೋಲಾರ, ಚಿಕ್ಕಬಳ್ಳಾಪುರದ ಕುಟುಂಬಗಳ ದೃಷ್ಟಿಯಲ್ಲಿ ಇದು ಏರಬೇಕಾಗಿದ್ದ ಬೆಲೆ. ಹಿಂಡಿ, ಬೂಸಾ, ಮೇವು ಎಲ್ಲವೂ ತುಟ್ಟಿಯಾಗಿವೆ. ಕೂಲಿಯಲ್ಲಿ ಅಳೆದರೂ ಹಾಲು ಕೈ ಮೀರಿಲ್ಲ: 2020–21ರ 275 ರೂಪಾಯಿ ಕೂಲಿಗೆ ಏಳೂವರೆ ಲೀಟರ್ ಬರುತ್ತಿತ್ತು, 2025–26ರ 370ಕ್ಕೆ ಎಂಟು ಲೀಟರ್.

ಕಡಲೆಕಾಯಿ ಸೀಮೆಗೆ ಹಡಗಿನ ಎಣ್ಣೆ

ಪಾವಗಡ, ಮಧುಗಿರಿ, ಶಿರಾ ಕಡಲೆಕಾಯಿ ಬೆಳೆಯುವ ತಾಲ್ಲೂಕುಗಳು. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ನಂತರ, 1990ರ ದಶಕದ ಆರಂಭದಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. 1994ರಿಂದ ಆಮದು ಮುಕ್ತವಾಗುತ್ತಾ ಹೋದಂತೆ ಅಗ್ಗದ ಪಾಮ್ ಎಣ್ಣೆ ಬಂತು, ನಮ್ಮ ಕಡಲೆಕಾಯಿ ಎಣ್ಣೆ ಸ್ಪರ್ಧಿಸಲಾಗಲಿಲ್ಲ. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು.

ಪರಿಣಾಮ ಏನೆಂದರೆ, ಯುಕ್ರೇನಿನಲ್ಲಿ ಯುದ್ಧವಾದರೆ, 2022ರ ಏಪ್ರಿಲ್‌ನಲ್ಲಿ ಆದಂತೆ ಇಂಡೋನೇಷ್ಯಾ ರಫ್ತು ನಿಲ್ಲಿಸಿದರೆ, ಪಾವಗಡದ ಅಂಗಡಿಯಲ್ಲಿ ಎಣ್ಣೆ ಏರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಎಣ್ಣೆಕಾಳು ಬೆಳೆಗಾರರ ಹೆಸರಿನಲ್ಲಿ ಕಚ್ಚಾ ಎಣ್ಣೆಯ ಆಮದು ಸುಂಕವನ್ನು ಶೇ 5.5ರಿಂದ 27.5ಕ್ಕೆ ಏರಿಸಿದರು. ಎಣ್ಣೆ ತುಟ್ಟಿಯಾಯಿತು. ಎಂಟು ತಿಂಗಳಿಗೆ, ಗ್ರಾಹಕರ ಹೆಸರಿನಲ್ಲಿ ಶೇ 16.5ಕ್ಕೆ ಇಳಿಸಿದರು. ನೀತಿ ಹೀಗೆ ವರ್ಷದೊಳಗೆ ತಿರುಗಿದರೆ ಯಾವ ರೈತ ಅದನ್ನು ನಂಬಿ ಮುಂದಿನ ಮುಂಗಾರಿಗೆ ಬೀಜ ಹಾಕುತ್ತಾನೆ?

ಯಾರ ವಾದ ಏನು

ಹಣದುಬ್ಬರವನ್ನು ಶೇ 4ರ ಗುರಿಗೆ ಕಟ್ಟಿಹಾಕಿದ್ದೇವೆ, 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯಿಂದ ಸೋಪು, ಟೂತ್‌ಪೇಸ್ಟು, ಬೆಣ್ಣೆ, ತುಪ್ಪ ಅಗ್ಗವಾಗಿವೆ ಎನ್ನುವುದು ಕೇಂದ್ರದ ವಾದ. ತುಪ್ಪದ ತೆರಿಗೆ ಇಳಿದು 650 ಇದ್ದದ್ದು 610 ಆಗಿ, ಆರು ವಾರದಲ್ಲಿ 700 ಆದದ್ದನ್ನು ತೋರಿಸಿ ರಾಜ್ಯದ ವಿರೋಧ ಪಕ್ಷ ರಾಜ್ಯ ಸರ್ಕಾರವನ್ನು ದೂರುತ್ತದೆ. ಗ್ಯಾರಂಟಿಗಳ ಹಣ ಹೊಂದಿಸಲು ಬೆಲೆ ಏರಿಸುತ್ತಿದ್ದಾರೆ ಎನ್ನುತ್ತದೆ. ರಾಜ್ಯ ಸರ್ಕಾರ ಕೇಂದ್ರದ ಸೆಸ್ ಕಡೆ, ಹಾಲು ಉತ್ಪಾದಕರ ಕಡೆ ಬೆರಳು ತೋರಿಸುತ್ತದೆ.

ಇವೆಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಎಲ್ಲರೂ ಮಾತಾಡುತ್ತಿರುವುದು ಕೊಳ್ಳುವವನ ಪರವಾಗಿ. ಆಹಾರದ ಬೆಲೆ ಶೇ 5 ಇಳಿಯಿತು ಎನ್ನುವುದನ್ನು ಸಾಧನೆಯಾಗಿ ಹೇಳುವಾಗ, ಆ ಇಳಿಕೆ ಯಾರ ಆದಾಯದಿಂದ ಬಂತು ಎಂದು ಕೇಳುವವರು ಕಡಿಮೆ. 2023–24ರ ಕೇಂದ್ರದ ಸಮೀಕ್ಷೆ ಪ್ರಕಾರ ಹಳ್ಳಿಯ ಮನೆಯ ಖರ್ಚಿನಲ್ಲಿ ಆಹಾರದ ಪಾಲು ಶೇ 47. ನೂರು ರೂಪಾಯಿಯಲ್ಲಿ ಉಳಿದ 53 ಓಡಾಟ, ಆಸ್ಪತ್ರೆ, ಶಾಲೆ, ಬಟ್ಟೆಗೆ ಹೋಗುತ್ತದೆ. ಟೊಮೆಟೊ ಬಾಕ್ಸ್ ಕುಸಿದ ತಿಂಗಳು ಆ ಖರ್ಚುಗಳೂ ಕುಸಿಯುತ್ತವೆಯೇ?

ಮುಂದೆ ಏನಾಗಬಹುದು

ಹಣದುಬ್ಬರ ಇಳಿದದ್ದರಿಂದ ರಿಸರ್ವ್ ಬ್ಯಾಂಕ್ 2025ರ ಡಿಸೆಂಬರ್ 5ರಂದು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 5.25ಕ್ಕೆ ತಂದಿತು. ವರ್ಷದ ಆರಂಭದಲ್ಲಿ ಅದು 6.5 ಇತ್ತು. ಸಾಲದ ಕಂತು ಕಡಿಮೆಯಾಗುತ್ತದೆ, ಠೇವಣಿಯ ಬಡ್ಡಿಯೂ ಕಡಿಮೆಯಾಗುತ್ತದೆ. 2026ರ ಫೆಬ್ರವರಿಯಿಂದ 2024ನ್ನು ಆಧಾರವಾಗಿಟ್ಟ ಹೊಸ ಬೆಲೆ ಸರಣಿ ಬಂದಿದ್ದು, ಅದರ ಒಟ್ಟು ಲೆಕ್ಕದಲ್ಲಿ ಆಹಾರಕ್ಕಿರುವ ತೂಕ ಹಿಂದಿನ ಶೇ 45.86ಕ್ಕಿಂತ ಕಡಿಮೆಯಾಗಿದೆ. ಹಾಗಾಗಿ ತರಕಾರಿಯ ಏರಿಳಿತ ಒಟ್ಟು ಅಂಕಿಯನ್ನು ಮೊದಲಿನಷ್ಟು ಎಳೆದಾಡುವುದಿಲ್ಲ.

ಆತಂಕ ಇರುವುದು ಮುಂದಿನ ಏರಿಕೆಯ ಹೊತ್ತಿನಲ್ಲಿ. 2025ರ ತರಕಾರಿ ಬೆಲೆ ಇಷ್ಟು ಕೆಳಗಿರುವುದರಿಂದ 2026ರಲ್ಲಿ ಬೆಲೆ ಸಾಧಾರಣ ಮಟ್ಟಕ್ಕೆ ಮರಳಿದರೂ ಶೇಕಡಾವಾರು ಲೆಕ್ಕದಲ್ಲಿ ದೊಡ್ಡ ಏರಿಕೆಯಾಗಿ ಕಾಣುತ್ತದೆ. ಅಂಥ ಅಂಕಿ ಬಂದಾಗ ಸರ್ಕಾರ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದಕ್ಕೆ 2023ರ ಉದಾಹರಣೆ ಇದೆ. ಟೊಮೆಟೊ ಏರಿದ ಜುಲೈನಲ್ಲಿ ಕೋಲಾರದಿಂದಲೂ ಹಣ್ಣು ಖರೀದಿಸಿ ದೆಹಲಿಯಲ್ಲಿ ರಿಯಾಯಿತಿ ದರಕ್ಕೆ ಮಾರಿದರು, ಆಗಸ್ಟ್‌ನಲ್ಲಿ ನೇಪಾಳದಿಂದ ಆಮದಿಗೆ ದಾರಿ ಮಾಡಿದರು. ಅದೇ ತಿಂಗಳು ಈರುಳ್ಳಿಗೆ ಶೇ 40 ರಫ್ತು ಸುಂಕ, ಡಿಸೆಂಬರ್‌ನಲ್ಲಿ ರಫ್ತು ನಿಷೇಧ. ದೇಶದೊಳಗೆ ಹೆಚ್ಚು ಬಳಕೆಯೇ ಇಲ್ಲದ, ಮಲೇಷ್ಯಾ, ಸಿಂಗಪುರಕ್ಕೆ ಹೋಗುವ ಚಿಕ್ಕಬಳ್ಳಾಪುರ ಭಾಗದ ಗುಲಾಬಿ ಈರುಳ್ಳಿಯೂ ಅದರಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ಸುಂಕ ವಿನಾಯಿತಿ ಸಿಕ್ಕಿದ್ದು 2024ರ ಮೇ ಕೊನೆಗೆ.

ಬೆಲೆ ಬಿದ್ದಾಗ ಇದೇ ವೇಗ ಕಾಣುವುದಿಲ್ಲ. 2025ರ ಜೂನ್‌ನಲ್ಲಿ ತೋತಾಪುರಿ ಮಾವು ಕುಸಿದು, ಚಿತ್ತೂರು ಜಿಲ್ಲೆಯವರು ನಮ್ಮ ಮಾವಿಗೆ ಗಡಿ ಮುಚ್ಚಿದ ಮೇಲೆ, ಶ್ರೀನಿವಾಸಪುರದಲ್ಲಿ ಹೋರಾಟ ನಡೆದ ಮೇಲೆ, ಬೆಂಬಲ ಬೆಲೆಯಿಲ್ಲದ ಬೆಳೆ ಕುಸಿದಾಗ ಸರ್ಕಾರ ನೆರವಿಗೆ ಬರುವ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಲಿಗೆ 1,616 ರೂಪಾಯಿ ದರ ನಿಗದಿಯಾಯಿತು. ಅಷ್ಟರಲ್ಲಿ ಎಷ್ಟೋ ತೋಟಗಳ ಹಣ್ಣು ಉದುರಿ ಮುಗಿದಿತ್ತು. ರಾಗಿ, ಕೊಬ್ಬರಿಗೆ ಬಿತ್ತನೆಗೆ ಮುಂಚೆಯೇ ಅಥವಾ ಹಂಗಾಮಿಗೆ ಮುಂಚೆಯೇ ಬೆಂಬಲ ಬೆಲೆ ಘೋಷಣೆಯಾಗುತ್ತದೆ. ಟೊಮೆಟೊ, ಮಾವು, ಈರುಳ್ಳಿಗೆ ಅಂಥದ್ದಿಲ್ಲ. ಮಧ್ಯಪ್ರವೇಶ ಯೋಜನೆಯಲ್ಲಿ ಕೇಂದ್ರ, ರಾಜ್ಯ ಅರ್ಧರ್ಧ ಭರಿಸಬೇಕು. ಪತ್ರ ಬರೆದು, ಒಪ್ಪಿಗೆ ಬಂದು, ಆದೇಶ ಹೊರಡಬೇಕು. ಬಾಕ್ಸಿನಲ್ಲಿರುವ ಹಣ್ಣಿಗೆ ಇರುವ ಸಮಯ ಎರಡು ದಿನ. ಎಷ್ಟು ರೂಪಾಯಿಗಿಂತ ಕೆಳಗೆ ಬಿದ್ದರೆ ಖರೀದಿ ತಾನಾಗಿ ಶುರುವಾಗಬೇಕು ಎಂಬುದನ್ನು ನಾಟಿಯ ಹೊತ್ತಿಗೇ ಪ್ರಕಟಿಸಲು ಎರಡು ಸರ್ಕಾರಗಳೂ ಒಪ್ಪದಿದ್ದರೆ, ಮುಂದಿನ ಕುಸಿತದಲ್ಲೂ ಆದೇಶ ಬರುವುದು ಹಣ್ಣು ಕೊಳೆತ ಮೇಲೆಯೇ.